ಮಾರ್ಬುರ್ಗಿಗೆ ಹೋದ ಮಧ್ಯದ ಡಬ್ಬಿ

ಮುಳಬಾಗಿಲು

ಸೂಟ್‌ಕೇಸಿನ ಮೇಲೆ ಕೂತು, ಜಿಪ್ಪು ಎಳೆದು, ಬೀಗ ಹಾಕಿ ಎದ್ದ ಮೇಲೆ ನಮ್ಮಕ್ಕ ಸರೋಜ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿ ಹಿಡಿದುಕೊಂಡು ಬಂದಳು. ಎರಡು ವಾರ ಒಬ್ಬರ ಮನೆಯಲ್ಲಿ ಉಳಿಯುವವಳು ಬರಿಗೈಯಲ್ಲಿ ಹೋಗುವುದುಂಟೇ ಎಂಬುದು ಅವಳ ವಾದ. ಎಣ್ಣೆ ಸೋರಿದರೆ ಜರ್ಮನಿಯಲ್ಲಿ ನಾನು ಉಪ್ಪಿನಕಾಯಿ ಬಣ್ಣದ ಸ್ವೆಟರ್ ಹಾಕಿಕೊಂಡು ತಿರುಗಬೇಕಾಗುತ್ತದೆ ಎಂಬುದು ನನ್ನ ವಾದ.

“ಏಮೇ, ಅದಕ್ಯಾಕೆ ಇಷ್ಟು ರಾದ್ಧಾಂತ? ಹಾಟ್‌ಬಾಕ್ಸಲ್ಲಿಟ್ಟು ಗಟ್ಟಿಯಾಗಿ ಮುಚ್ಚಿದ್ರೆ ಸೋರಿದ್ರೂ ಒಳಗೇ ಇರ್ತದೆ,” ಎಂದಳು ಅಕ್ಕ.

ಅವಳ ಗೃಹಪ್ರವೇಶಕ್ಕೆ ಯಾರೋ ಕೊಟ್ಟ ಮೂರರ ಸೆಟ್ಟು ಅದು. ಹೊರಗೆ ಕೆಂಪು ಪ್ಲಾಸ್ಟಿಕ್ಕು, ಒಳಗೆ ಸ್ಟೀಲು, ಮುಚ್ಚಳದ ಮೇಲೆ ಗುಲಾಬಿ ಹೂವು. ಬೆಳಿಗ್ಗೆ ಇಡ್ಲಿ ಹಾಕಿಟ್ಟರೆ ಮಧ್ಯಾಹ್ನವೂ ಬೆಚ್ಚಗಿರುತ್ತದೆ. ಚಿಕ್ಕದನ್ನು ನಾನು ಎಂದೋ ಕೇಳಿ ತೆಗೆದುಕೊಂಡು ಹೋಗಿದ್ದೆ. ದೊಡ್ಡದು ಹಬ್ಬಹರಿದಿನಗಳಿಗೆ. ಈಗ ಮಧ್ಯದ್ದು ಸೂಟ್‌ಕೇಸಿನೊಳಗೆ ಹೋಯಿತು, ಎರಡು ಸ್ವೆಟರ್ ಹೊರಗೆ ಬಂದವು.

“ಇದನ್ನ ಮಾತ್ರ ವಾಪಸ್ ತರಬೇಕು. ಚಿಕ್ಕದು ಹೋದ ಹಂಗೆ ಹೋಗಬಾರದು,” ಎಂದು ಅಕ್ಕ ಮತ್ತೆ ಬೀಗ ಹಾಕಿದಳು. “ಆಮೇಲೆ ಅಲ್ಲಿ ಎಲ್ಲಾ ಸರಿಯಾಗಿ ನೋಡ್ಕೊಂಡು ಬಂದು ಹೇಳಬೇಕು. ಸುಮ್ನೆ ಚೆನ್ನಾಗಿತ್ತು ಅಂದ್ರೆ ಆಗಲ್ಲ.”

ಹೂಂ ಎಂದೆ. ನನ್ನ ತಲೆಯಲ್ಲಿ ನಿರ್ಮಲ ಕೂತಿದ್ದಳು. ನಿರ್ಮಲ ಟೇಕಲ್‌ನವಳು. ಎಂ.ಎಸ್ಸಿ. ಓದುವಾಗ ನಾವಿಬ್ಬರೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದು, ಒಂದೇ ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕುತ್ತಿದ್ದವರು. ಈಗ ಅವಳು ಜರ್ಮನಿಯ ಮಾರ್ಬುರ್ಗ್ ಎಂಬ ಊರಿನಲ್ಲಿ ಹಿರಿಯ ಸಂಶೋಧಕಿ. ನಾನು ಕೋಲಾರದ ಹೊರಗಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಉಳಿದ ಹೊತ್ತು ಮೆಟ್ಟಿಲ ಕೆಳಗಿನ ಕೋಣೆಯೊಂದನ್ನು ಲ್ಯಾಬ್ ಎಂದು ಕರೆದುಕೊಂಡು ಅಲ್ಲಿ ಕೂರುತ್ತೇನೆ. ಅವಳು ಕೆಟ್ಟವಳಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ಅವಳು ಒಳ್ಳೆಯವಳು. ನನ್ನ ಹುಟ್ಟುಹಬ್ಬಕ್ಕೆ ಒಂದು ವರ್ಷವೂ ತಪ್ಪದೆ ಫೋನ್ ಮಾಡುತ್ತಾಳೆ. ಫೋನಿಟ್ಟ ಮೇಲೆ ಅರ್ಧ ದಿನ ನನಗೆ ಯಾರ ಮಾತೂ ಸೇರುವುದಿಲ್ಲ.

ಗೀಸನ್, ಆಮೇಲೆ ವೆಟ್ಸ್‌ಲಾರ್

ಫ್ರಾಂಕ್‌ಫರ್ಟಿನಿಂದ ಮಾರ್ಬುರ್ಗಿಗೆ ಒಂದೇ ರೈಲು, ಇಳಿದು ಹತ್ತುವ ರಗಳೆ ಇಲ್ಲ ಎಂದು ನಿರ್ಮಲ ಹೇಳಿದ್ದಳು. ಅವಳು ಹೇಳದೆ ಬಿಟ್ಟದ್ದೆಂದರೆ, ಆ ರೈಲು ಗೀಸನ್ ಎಂಬ ಸ್ಟೇಷನ್ನಿನಲ್ಲಿ ಎರಡು ಭಾಗವಾಗುತ್ತದೆ. ಮುಂದಿನ ಡಬ್ಬಿಗಳು ಒಂದು ಕಡೆ, ಹಿಂದಿನವು ಇನ್ನೊಂದು ಕಡೆ. ಬಂಗಾರಪೇಟೆಯಲ್ಲಿ ಕೋಲಾರದ ಗಾಡಿಗೆ ಹೋಗುವವರು ಗಂಟುಮೂಟೆ ಹೊತ್ತು, ಹತ್ತು ಜನರನ್ನು ಕೇಳಿ, ಕೂಗಾಡಿ ಬದಲಾಯಿಸುತ್ತಾರೆ. ಇಲ್ಲಿ ಯಾರೂ ಕೂಗಲಿಲ್ಲ. ಧ್ವನಿವರ್ಧಕದಲ್ಲಿ ಏನೋ ಹೇಳಿದರು, ನಾಲ್ಕಾರು ಜನ ಸದ್ದಿಲ್ಲದೆ ಎದ್ದುಹೋದರು, ನಾನು ಕಿಟಕಿಯಾಚೆ ಹಿಮ ನೋಡುತ್ತ ಕೂತಿದ್ದೆ.

ಎದುರಿಗಿದ್ದ ಅಜ್ಜಿ ನನ್ನ ಟಿಕೇಟು ನೋಡಿ ತುಟಿ ಕಚ್ಚಿಕೊಂಡಾಗ ನಾವು ವೆಟ್ಸ್‌ಲಾರ್ ತಲುಪಿದ್ದೆವು. ಆಕೆ ಇಳಿದು, ನನ್ನನ್ನು ಎದುರು ಪ್ಲಾಟ್‌ಫಾರಮ್ಮಿಗೆ ಕರೆದೊಯ್ದು, ಬೆಂಚಿನ ಮೇಲೆ ಕೂರಿಸಿ, ಇಲ್ಲಿಂದ ಏಳಬಾರದೆಂದು ಬೆರಳಾಡಿಸಿ ಹೋದಳು. ವಾಪಸ್ಸಿನ ರೈಲು ತಡವಾಗಿತ್ತು. ಜರ್ಮನಿಯ ರೈಲು ತಡವಾಗಿತ್ತು! ಸುತ್ತಲಿನವರು ಗಡಿಯಾರ ನೋಡಿ ಮುಖ ಗಂಟಿಕ್ಕುತ್ತಿದ್ದರೆ ಚಳಿಯಲ್ಲಿ ನಡುಗುತ್ತಿದ್ದ ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಟೇಕಲ್ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದ ದಿನಗಳನ್ನು ನಿರ್ಮಲ ಇನ್ನೂ ಪೂರ್ತಿ ದಾಟಿಲ್ಲ ಎನ್ನಿಸಿತು.

ನಾನು ಯಾಕೆ ಹೊರಟಿದ್ದೆ ಎಂಬುದನ್ನು ಆ ಬೆಂಚಿನ ಮೇಲೆ ಕೂತೇ ಹೇಳಿಬಿಡುತ್ತೇನೆ.

ನಮ್ಮ ಜೀವಕೋಶಗಳಲ್ಲಿ ಓಡಾಡುವ ಆರ್‌ಎನ್‌ಎ ಬಹುಮಟ್ಟಿಗೆ ಒಂಟಿ ಎಳೆಯದು. ಅನೇಕ ವೈರಸ್ಸುಗಳು ಒಳಹೊಕ್ಕು ಬೆಳೆಯುವಾಗ ಉದ್ದುದ್ದದ ಜೋಡಿ ಎಳೆಗಳು ಹುಟ್ಟುತ್ತವೆ. ಆದ್ದರಿಂದ ಜೋಡಿ ಎಳೆ ಕಂಡರೆ ಸಾಕು, ಜೀವಕೋಶ ಕಳ್ಳ ಬಂದನೆಂದು ಕೂಗು ಹಾಕುತ್ತದೆ. ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಬಿಟ್ಟು ಅಕ್ಕಪಕ್ಕದ ಕೋಶಗಳನ್ನೂ ಎಬ್ಬಿಸುತ್ತದೆ. ಈ ಜೋಡಿ ಎಳೆಯನ್ನು ವೈರಸ್ಸಿನ ಹಂಗಿಲ್ಲದೆ ಕೃತಕವಾಗಿ ಮಾಡಬಹುದು. ನೋಡಲು ಬಿಳಿ ಪುಡಿ, ಲ್ಯಾಬಿನಲ್ಲಿ ಅದರ ಹೆಸರು ಪಾಲಿ ಐಸಿ. ಯಲ್ದೂರಿನ ಮಾವಿನ ತೋಪಿನಲ್ಲಿ ಕಾವಲಿನವರು ಕಳ್ಳನಿಲ್ಲದಿದ್ದರೂ ಆಗಾಗ ತಗಡು ಬಡಿದು ಎಲ್ಲರನ್ನೂ ಎಚ್ಚರವಾಗಿಡುತ್ತಾರಲ್ಲ, ಹಾಗೆ ಈ ಪುಡಿಯನ್ನು ಲಸಿಕೆಯ ಜೊತೆ ಚೂರು ಸೇರಿಸಿದರೆ ಮೈ ಎಚ್ಚೆತ್ತು ಲಸಿಕೆಯನ್ನು ಚೆನ್ನಾಗಿ ಗುರುತು ಹಿಡಿಯುತ್ತದೆಯೇ ಎಂದು ಎಷ್ಟೋ ಲ್ಯಾಬುಗಳು ಪರೀಕ್ಷಿಸುತ್ತಿವೆ. ಹೆಚ್ಚು ಕೊಟ್ಟರೆ ಪರೀಕ್ಷೆಯ ಮೊಲಕ್ಕೆ ಜ್ವರ ಬರುತ್ತದೆ. ರೋಗಾಣು ಒಂದೂ ಇಲ್ಲ, ಜ್ವರ ಮಾತ್ರ ನಿಜ. ನಿರ್ಮಲಳ ಫೋನು ಬಂದ ದಿನ ನನಗೂ ಹಾಗೇ ಆಗುತ್ತದೆ.

ನಿರ್ಮಲಳ ಲ್ಯಾಬೂ ನನ್ನ ಮೆಟ್ಟಿಲ ಕೆಳಗಿನ ಲ್ಯಾಬೂ ಸೇರಿ ವಯಸ್ಸಾದವರ ರಕ್ತದ ಬಿಳಿಕಣಗಳ ಮೇಲೆ ಈ ಪುಡಿಯನ್ನು ಪರೀಕ್ಷಿಸುತ್ತಿದ್ದೆವು. ಒಂದೇ ತಯಾರಿಕೆಯ ಪುಡಿಯನ್ನು ಇಬ್ಬರೂ ಹಂಚಿಕೊಂಡಿದ್ದೆವು. ಕೋಲಾರದಲ್ಲಿ ಕೋಶಗಳು ಗಟ್ಟಿಯಾಗಿ ಕೂಗಿದವು. ಮಾರ್ಬುರ್ಗಿನಲ್ಲಿ ಗೊಣಗಿದವು ಅಷ್ಟೆ. ನಿರ್ಮಲಳ ಮೇಲಿನವರು, ನಾನು ಮನಸ್ಸಿನಲ್ಲೇ ಪ್ರೊಫೆಸರಮ್ಮ ಎಂದು ಕರೆಯುತ್ತಿದ್ದವರು, ಸಂದೇಹಪಟ್ಟರು. ಕೋಲಾರದ ದ್ರಾವಣದಲ್ಲಿ ಬೇರೇನೋ ಕೊಳೆ ಸೇರಿರಬೇಕು, ಅದಕ್ಕೇ ಅಷ್ಟು ಗಲಾಟೆ ಎಂದರು. ಬಂದು ನಿಮ್ಮ ಕೈಯಲ್ಲೇ ಇಲ್ಲಿ ಮಾಡಿ ತೋರಿಸಿ, ಆಗದಿದ್ದರೆ ಕೋಲಾರದ ಭಾಗವನ್ನು ಜಂಟಿ ಲೇಖನದಿಂದ ತೆಗೆಯಬೇಕಾಗುತ್ತದೆ ಎಂದು ಬರೆದರು. ಆ ಭಾಗ ನನ್ನ ಇಷ್ಟು ವರ್ಷಗಳ ದುಡಿಮೆ. ಬೇರೆ ನನ್ನ ಹತ್ತಿರ ಏನೂ ಇಲ್ಲ.

ಮಾರ್ಬುರ್ಗ್, ಗುಡ್ಡದ ಮೇಲೆ

ನಿರ್ಮಲ ಸ್ಟೇಷನ್ನಿನಲ್ಲಿ ಕಾಯುತ್ತಿದ್ದಳು. ನನ್ನನ್ನು ಕಂಡವಳೇ ತಬ್ಬಿಕೊಂಡು, “ಲೇ ಶಾರದಾ, ವೆಟ್ಸ್‌ಲಾರ್ ನೋಡ್ಕೊಂಡು ಬಂದ್ಯಾ? ನಾನೂ ಮೊದಲ ಸಲ ಅಲ್ಲೇ ಹೋಗಿದ್ದೆ ಕಣೇ,” ಎಂದು ನಕ್ಕಳು. ದಾರಿ ತಪ್ಪುವುದರಲ್ಲೂ ಅವಳೇ ಮೊದಲು.

ಮಾರ್ಬುರ್ಗ್ ಒಂದು ಗುಡ್ಡಕ್ಕೆ ಹತ್ತಿಕೊಂಡ ಊರು. ಕೆಳಗೆ ಲಾನ್ ಎಂಬ ನದಿ, ನೆತ್ತಿಯಲ್ಲಿ ಕೋಟೆ, ನಡುವೆ ಮರದ ಚೌಕಟ್ಟಿನ ಹಳೆಯ ಮನೆಗಳು ಒಂದರ ಭುಜಕ್ಕೊಂದು ಒರಗಿ ನಿಂತಿವೆ. ಟೇಕಲ್ ಬೆಟ್ಟ ಹತ್ತಬೇಕಾದರೆ ಉಸಿರು ಕಟ್ಟಿಕೊಂಡು ಹತ್ತಬೇಕು. ಇಲ್ಲಿ ಗುಡ್ಡ ಹತ್ತಲು ಊರಿನವರಿಗೆಲ್ಲ ಪುಕ್ಕಟೆಯಾಗಿ ಲಿಫ್ಟ್ ಇಟ್ಟಿದ್ದಾರೆ. ತರಕಾರಿ ಚೀಲದ ಮುದುಕರು, ನಾಯಿ ಹಿಡಿದವರು, ಎಲ್ಲರೂ ಅದರಲ್ಲಿ ಗುಡ್ಡ ಹತ್ತುತ್ತಾರೆ. ಹುಟ್ಟಿದ ಊರಲ್ಲೂ ಬೆಟ್ಟ, ಸೇರಿದ ಊರಲ್ಲೂ ಬೆಟ್ಟ, ಆದರೆ ಇವಳ ಈ ಬೆಟ್ಟಕ್ಕೆ ಗುಂಡಿ ಒತ್ತಿದರೆ ಸಾಕು ಎಂದು ಲಿಫ್ಟಿನಲ್ಲೇ ಹೊಟ್ಟೆ ಉರಿಯಲು ಶುರುವಾಯಿತು.

ಆಮೇಲೆ ಅದಕ್ಕೆ ಬಿಡುವೇ ಇರಲಿಲ್ಲ. ಅವಳ ನಲ್ಲಿ ನೀರನ್ನು ಹಾಗೇ ಕುಡಿಯಬಹುದಿತ್ತು. ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್ ನೀರಿಗೆ ಹೆದರಿ ಕ್ಯಾನು ಹೊತ್ತು ಹೊತ್ತು ನನ್ನ ಒಂದು ಭುಜವೇ ಇಳಿದುಹೋಗಿದೆ. ಅವಳ ಬಾಲ್ಕನಿಯಿಂದ ಕೋಟೆ ಕಾಣುತ್ತಿತ್ತು. ಅವಳ ಮಗ್ಗುಲಮನೆಯಾತ ಮೆಟ್ಟಿಲಲ್ಲಿ ಕಂಡರೆ ಟೊಪ್ಪಿ ಮುಟ್ಟಿ ಡಾಕ್ಟರ್ ಎಂದು ಕರೆದು ಮಾತಾಡಿಸುತ್ತಿದ್ದ. ನನಗೂ ಅದೇ ಪದವಿ ಇದೆ. ನಮ್ಮ ಬೀದಿಯಲ್ಲಿ ನಾನು ಇನ್ನೂ ಸರೋಜಮ್ಮನ ತಂಗಿ.

ಹಾಟ್‌ಬಾಕ್ಸ್ ಬಿಚ್ಚಿದಾಗ ಬಾಟಲಿ ಸೋರಿಯೇ ಇತ್ತು. ಎಣ್ಣೆಯೆಲ್ಲ ಡಬ್ಬಿಯೊಳಗೇ ನಿಂತಿತ್ತು. ನಿರ್ಮಲ ಬೆರಳಲ್ಲಿ ಒರೆಸಿ ನೆಕ್ಕಿ ಕಣ್ಣು ಮುಚ್ಚಿದಳು. “ಸರೋಜಕ್ಕನ ಕೈ ಕಣೇ. ನಿನಗೇನೇ, ದಿನಾ ತಿಂತೀಯ,” ಎಂದಳು. ಅವಳಿಗೂ ನನ್ನ ಬಳಿ ಇರುವುದೊಂದರ ಮೇಲೆ ಆಸೆಯಿದೆ ಎಂದು ಒಂದು ಗಳಿಗೆ ಹಿಗ್ಗಿದೆ. ಉಪ್ಪಿನಕಾಯಿ ಕೊಟ್ಟು ಬಾಲ್ಕನಿ ಕೇಳಲಾಗುತ್ತದೆಯೇ?

ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. ಅಲ್ಲಿ ಬಟ್ಟೆ ಎಲ್ಲಿ ಒಣಹಾಕ್ತಾರೆ? ಬೀದಿ ಯಾರು ಗುಡಿಸ್ತಾರೆ? ನದಿ ಯಾವ ಬಣ್ಣ? ಸೊಪ್ಪಿನವಳು ಬರ್ತಾಳಾ? ಅವಳ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ನಾನಿಲ್ಲಿ ತಲೆ ಕೆಟ್ಟು ಕೂತಿರುವಾಗ ಇವಳಿಗೆ ಸೊಪ್ಪಿನವಳ ಚಿಂತೆ ಎಂದು ರೇಗುತ್ತಿತ್ತು. “ಎಲ್ಲಾ ಚೆನ್ನಾಗಿದೆ ಅಕ್ಕ, ಆಮೇಲೆ ಮಾತಾಡ್ತೀನಿ,” ಎಂದು ಇಟ್ಟುಬಿಡುತ್ತಿದ್ದೆ.

ಲ್ಯಾಬಿನಲ್ಲಿ

ಲ್ಯಾಬಿನ ಬಗ್ಗೆ ಬರೆಯಲು ನನಗೆ ಸಂಕಟ. ಒಂದು ಫ್ರೀಜರ್ ಕೆಟ್ಟರೆ ಇರಲಿ ಎಂದು ಪಕ್ಕದಲ್ಲಿ ಇನ್ನೊಂದು ಖಾಲಿ ಫ್ರೀಜರ್ ಚಾಲೂ ಇಟ್ಟಿದ್ದರು. ಖಾಲಿ! ನಮ್ಮಲ್ಲಿ ಇರುವ ಒಂದೇ ಫ್ರೀಜರಿನಲ್ಲಿ ಜಾಗಕ್ಕಾಗಿ ಮೂರು ವಿಭಾಗದವರು ಮುಖ ತಿರುಗಿಸಿಕೊಂಡು ಓಡಾಡುತ್ತೇವೆ.

ಅಲ್ಲಿನ ತಂತ್ರಜ್ಞ ಊವೆ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಮನುಷ್ಯ. ಮಧ್ಯಾಹ್ನ ಕಾರಿಡಾರಿನಲ್ಲಿ ಎದುರಾದ ಪ್ರತಿಯೊಬ್ಬರೂ “ಮಾಲ್‌ಟ್ಸೈಟ್” ಎನ್ನುತ್ತಿದ್ದರು. ಊಟದ ಹೊತ್ತು ಎಂದರ್ಥವೆಂದು ನಿರ್ಮಲ ಹೇಳಿದ್ದಳು. ನಮ್ಮ ಕಡೆ ಊಟ ಆಯ್ತಾ ಎಂದು ಕೇಳುತ್ತಾರಲ್ಲ, ಅದೇ ಇರಬೇಕೆಂದು ನಾನು ಒಬ್ಬೊಬ್ಬರಿಗೂ ನಿಂತು, ಇನ್ನೂ ಆಗಿಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರಿಸಿದೆ. ಅದು ಬರೀ ನಮಸ್ಕಾರದ ಹಾಗೆ, ಉತ್ತರ ಬೇಕಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಊವೆ ಕಳವಳಗೊಂಡು ತನ್ನ ಬ್ರೆಡ್ಡಿನಲ್ಲಿ ಅರ್ಧ ಮುರಿದು ನನ್ನ ಮೇಜಿನ ಮೇಲಿಟ್ಟು ಹೋಗಿದ್ದ.

ಊವೆಗೆ ಇನ್ನೊಂದು ಚಟ. ದ್ರಾವಣ ತಯಾರಿಸುವ ಕೋಣೆಗೆ ಬಂದಾಗಲೆಲ್ಲ ಕಿಟಕಿಯನ್ನು ಅಷ್ಟಗಲ ತೆರೆದುಬಿಡುತ್ತಾನೆ. ಹೊರಗೆ ಹಿಮ ಬೀಳುತ್ತಿದ್ದರೂ ಸರಿ, ಒಳಗಿನ ಗಾಳಿ ಹೋಗಿ ಹೊಸ ಗಾಳಿ ಬರಬೇಕು. ಇದು ಅವನೊಬ್ಬನ ಹುಚ್ಚಲ್ಲ, ಆ ಜನರೆಲ್ಲರ ಪದ್ಧತಿ. ಬೆಚ್ಚಗೆ ಮಾಡಲು ಹೀಟರು, ತಣ್ಣಗೆ ಮಾಡಲು ಕಿಟಕಿ.

ಪಾಲಿ ಐಸಿಯ ಒಂದು ಗುಟ್ಟು ಹೇಳಬೇಕು. ಪುಡಿಯನ್ನು ಉಪ್ಪುನೀರಿನಲ್ಲಿ ಕರಗಿಸಿ, ಬಿಸಿ ಮಾಡಿ, ನಿಧಾನವಾಗಿ ಆರಿಸಬೇಕು. ಬಿಸಿಗೆ ಸಡಿಲವಾದ ಎಳೆಗಳು ಆರುವ ಹೊತ್ತಿನಲ್ಲಿ ತಮ್ಮ ಜೊತೆಯ ಎಳೆಯನ್ನು ಹುಡುಕಿ ಉದ್ದಕ್ಕೂ ಹೊಂದಿಕೊಳ್ಳುತ್ತವೆ. ಬೇಗ ಆರಿದರೆ ಸಿಕ್ಕಲ್ಲಿ ಸಿಕ್ಕಷ್ಟು ಅಂಟಿಕೊಂಡು ನಿಂತುಬಿಡುತ್ತವೆ. ಅಂಥ ಅರ್ಧಂಬರ್ಧ ಜೋಡಿಗೆ ಜೀವಕೋಶ ಅಷ್ಟು ಹೆದರುವುದಿಲ್ಲ.

ನಮ್ಮ ಕಾಲೇಜಿನಲ್ಲಿ ಮಧ್ಯಾಹ್ನದ ಕರೆಂಟನ್ನು ನಂಬುವ ಹಾಗಿಲ್ಲ. ನೀರು ಕಾಯಿಸುವ ತೊಟ್ಟಿ ಒಮ್ಮೆ ಆರಿಹೋಗುತ್ತದೆ, ಕರೆಂಟು ಬಂದೊಡನೆ ಮತ್ತೆ ಕಾಯತೊಡಗುತ್ತದೆ. ಅದಕ್ಕೇ ನಾನು ಕಾದ ನೀರನ್ನು ಅಕ್ಕನ ಚಿಕ್ಕ ಹಾಟ್‌ಬಾಕ್ಸಿಗೆ ಸುರಿದು, ಥರ್ಮಾಕೋಲಿನ ತುಂಡಿಗೆ ಟ್ಯೂಬು ಸಿಕ್ಕಿಸಿ ತೇಲಬಿಟ್ಟು, ಮುಚ್ಚಳ ಹಾಕಿ ಪಾಠಕ್ಕೆ ಹೋಗುತ್ತೇನೆ. ಸಂಜೆ ಬಂದು ತೆಗೆದರೂ ನೀರಿನಲ್ಲಿ ಇನ್ನೂ ಸ್ವಲ್ಪ ಬಿಸಿ ಉಳಿದಿರುತ್ತದೆ. ಮಾರ್ಬುರ್ಗಿಗೆ ಕಳಿಸಿದ ವಿವರದಲ್ಲಿ “ಕೋಣೆಯ ಉಷ್ಣಾಂಶಕ್ಕೆ ನಿಧಾನವಾಗಿ ಆರಿಸಲಾಯಿತು” ಎಂದಷ್ಟೇ ಬರೆದಿದ್ದೆ. ಇಡ್ಲಿ ಡಬ್ಬಿಯ ವಿಷಯ ಜರ್ಮನಿಯವರಿಗೆ ಬರೆಯುವುದು ಹೇಗೆ?

ಅವರ ಕೋಣೆಯಲ್ಲಿ ಊವೆ ಟ್ಯೂಬನ್ನು ಬಿಸಿಯಿಂದ ತೆಗೆದು ಕಿಟಕಿಯ ಪಕ್ಕದ ಅಲ್ಯೂಮಿನಿಯಂ ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದ. ಕಿರುಬೆರಳಿನಷ್ಟು ಟ್ಯೂಬು, ತಣ್ಣನೆಯ ಲೋಹ, ತೆರೆದ ಕಿಟಕಿ. ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಕೋಣೆಯ ಉಷ್ಣಾಂಶ. ಅವನ ಲೆಕ್ಕಕ್ಕೆ ಅದೇ ನಿಧಾನ.

ನೋಡಿದ ತಕ್ಷಣ ನನಗೆ ಅನುಮಾನ ಬಂತು. ಆದರೂ ನನ್ನ ಸರದಿ ಬಂದಾಗ, ಪ್ರೊಫೆಸರಮ್ಮ ಕೈಕಟ್ಟಿ ನಿಂತು ನೋಡುತ್ತಿರುವಾಗ, ನಾನೂ ಟ್ಯೂಬು ತೆಗೆದು ಅದೇ ಸ್ಟ್ಯಾಂಡಿಗೆ ಸಿಕ್ಕಿಸಿದೆ. ಅವರ ಹಾಗೆ ಚಕಚಕನೆ, ಅವರ ಹಾಗೆ ಅಚ್ಚುಕಟ್ಟಾಗಿ. ಆ ಕೋಣೆಯಲ್ಲಿ ನಾನು ಅವರವಳ ಹಾಗೆ ಕಾಣಬೇಕಿತ್ತು. ನಿರ್ಮಲಳ ಹಾಗೆ ಕಾಣಬೇಕಿತ್ತು ಎಂದರೆ ಇನ್ನೂ ಸರಿ.

ಮರುದಿನ ಕೋಶಗಳು ನನಗೂ ಗೊಣಗಿದವು. ಪ್ರೊಫೆಸರಮ್ಮ ಬೈಯಲಿಲ್ಲ. ತಲೆಯಾಡಿಸಿ, ಸೋಮವಾರ ಕೂತು ಲೇಖನದ ವಿಷಯ ಮಾತಾಡೋಣ ಎಂದು ಹೋದರು.

“ಊರಲ್ಲಿ ಮಾಡೋ ಹಂಗೇ ಮಾಡಿದ್ಯಾ ಶಾರದಾ?” ಎಂದು ನಿರ್ಮಲ ಮೆಲ್ಲಗೆ ಕೇಳಿದಳು.

“ಹೂಂ. ಹಂಗೇ,” ಎಂದೆ.

ಭಾನುವಾರ

ಭಾನುವಾರ ಆ ಊರು ಸತ್ತಂತೆ ಇರುತ್ತದೆ. ಅಂಗಡಿ ಇಲ್ಲ, ಸದ್ದಿಲ್ಲ. ಅವತ್ತು ಯಾರೂ ಗೋಡೆಗೆ ಮೊಳೆ ಹೊಡೆಯಬಾರದು, ಖಾಲಿ ಬಾಟಲಿಗಳನ್ನು ತೊಟ್ಟಿಗೆ ಎಸೆಯಲೂಬಾರದು. ಮುಳಬಾಗಿಲಿನಲ್ಲಿ ಭಾನುವಾರವೇ ಸಂತೆಗಿಂತ ಹೆಚ್ಚು ಗದ್ದಲ. ಇಷ್ಟು ಮೌನದಲ್ಲಿ ಮನುಷ್ಯನಿಗೆ ತನ್ನ ಯೋಚನೆ ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ನಾನು ಅಡುಗೆಮನೆಯಲ್ಲಿ ಕೂತಿದ್ದೆ. ನಿರ್ಮಲ ಬಾಲ್ಕನಿಯಲ್ಲಿ ಪ್ರೊಫೆಸರಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನನಗೆ ತಿಳಿಯಲಿ ಎಂದೋ ಏನೋ ಇಂಗ್ಲಿಷಿನಲ್ಲೇ ಮಾತು. ಶಾರದಾ ಸುಳ್ಳು ಲೆಕ್ಕ ಬರೆಯುವವಳಲ್ಲ, ಅವಳನ್ನು ನಾನು ಬಲ್ಲೆ. ಅಲ್ಲಿ ಅವಳಿಗೆ ಸ್ಥಿರವಾದ ಕರೆಂಟೂ ಇಲ್ಲ, ಸಹಾಯಕರೂ ಇಲ್ಲ, ಅಂಥದ್ದರಲ್ಲಿ ಅವಳು ಇಷ್ಟು ಮಾಡಿರುವುದೇ ದೊಡ್ಡದು. ಲೇಖನದಿಂದ ತೆಗೆದರೂ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಅವಳ ಹೆಸರು ಇರಲೇಬೇಕು ಎನ್ನುತ್ತಿದ್ದಳು.

ಕೃತಜ್ಞತೆಯ ಸಾಲು! ಅವಳ ನಲ್ಲಿ ನೀರು, ಅವಳ ಲಿಫ್ಟು, ಅವಳ ಖಾಲಿ ಫ್ರೀಜರು ಎಲ್ಲವನ್ನೂ ಹೇಗೋ ನುಂಗಿಕೊಂಡಿದ್ದೆ. ಅವಳ ಕನಿಕರವನ್ನು ನುಂಗಲಾಗಲಿಲ್ಲ. ನಿರ್ಮಲಳ ಕನಿಕರಕ್ಕಿಂತ ಇಡ್ಲಿ ಡಬ್ಬಿಯ ಅವಮಾನವೇ ವಾಸಿ ಎನ್ನಿಸಿತು. ಒಳ್ಳೆಯ ಬುದ್ಧಿಯಿಂದ ನಿಜ ಹೇಳಿದೆ ಎಂದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚಿನಿಂದಲೇ ಹೇಳಿದ್ದು.

ತೊಳೆದು ಬೋರಲು ಹಾಕಿದ್ದ ಮಧ್ಯದ ಡಬ್ಬಿಯನ್ನು ಎತ್ತಿ ಮೇಜಿನ ಮೇಲಿಟ್ಟೆ. ಒಳಬಂದ ನಿರ್ಮಲ, “ಏನೇ, ಅನ್ನ ಹಾಕಿಡ್ಬೇಕಾ?” ಎಂದಳು.

“ನಾನು ಪಾಲಿ ಐಸಿ ಆರಿಸೋದು ಇದರಲ್ಲಿ,” ಎಂದೆ. “ಇದರ ತಮ್ಮ ಒಬ್ಬ ಇದ್ದಾನೆ ಕೋಲಾರದಲ್ಲಿ. ಬಿಸಿನೀರು ಹಾಕಿ, ಟ್ಯೂಬ್ ತೇಲಿಬಿಟ್ಟು, ಸಂಜೆವರ್ಗೂ ಮುಚ್ಚಿಡ್ತೀನಿ. ಮೊನ್ನೆ ಇಲ್ಲಿ ಹಂಗೆ ಮಾಡಲಿಲ್ಲ.”

ಅವಳು ಡಬ್ಬಿಯನ್ನು ನೋಡಿದಳು, ಗುಲಾಬಿ ಹೂವನ್ನು ನೋಡಿದಳು, ನನ್ನನ್ನು ನೋಡಿದಳು. ಈಗ ನಗುತ್ತಾಳೆ ಎಂದು ನಾನು ಹಲ್ಲು ಕಚ್ಚಿ ನಿಂತೆ.

“ಯಾಕೇ ಹೇಳಲಿಲ್ಲ?”

“ನಿಮ್ಮ ಲ್ಯಾಬಲ್ಲಿ ಇದನ್ನ ಹೆಂಗೆ ಹೇಳ್ಲಿ? ಎಲ್ಲಾ ನಿನ್ನ ಹತ್ರಾನೇ ಇದೆ ನಿರ್ಮಲ. ನನ್ನ ಹತ್ರ ಇರೋದು ಇದೊಂದು ಡಬ್ಬಿ. ಅದನ್ನೂ ನಿನ್ನ ಮುಂದೆ ಇಟ್ಟು ನಗೆಪಾಟಲಾಗಬೇಕಿತ್ತಾ?” ಎಂದುಬಿಟ್ಟೆ. ಇಷ್ಟು ವರ್ಷ ಫೋನಿನಲ್ಲಿ ಒಮ್ಮೆಯೂ ಬಾರದ ಮಾತು.

ನಿರ್ಮಲ ನಗಲಿಲ್ಲ. ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳತೊಡಗಿದಳು. “ಕೋಟು ಹಾಕ್ಕೋ. ಲ್ಯಾಬ್ ಕೀ ನನ್ನ ಹತ್ರ ಇದೆ,” ಎಂದಳು.

ಹಳದಿ

ನಿಶ್ಶಬ್ದ ಊರಿನಲ್ಲಿ ಇಬ್ಬರು ಹೆಂಗಸರು ಕೆಂಪು ಹಾಟ್‌ಬಾಕ್ಸ್ ಹಿಡಿದು ಲಿಫ್ಟ್ ಇಳಿದೆವು. ನಾಯಿ ಹಿಡಿದ ಮುದುಕನೊಬ್ಬ ಡಬ್ಬಿ ನೋಡಿ ನಮಗೆ ಒಳ್ಳೆಯ ಊಟವಾಗಲಿ ಎಂದು ಹಾರೈಸಿದ.

ಒಂದೇ ಪುಡಿಯಿಂದ ಎರಡು ಟ್ಯೂಬು ಮಾಡಿದೆವು. ಒಂದನ್ನು ಕಿಟಕಿಯ ಪಕ್ಕದ ಸ್ಟ್ಯಾಂಡಿಗೆ, ಇನ್ನೊಂದನ್ನು ಡಬ್ಬಿಗೆ. ಮುಚ್ಚಳ ಹಾಕಿದ ಮೇಲೆ ಮಾಡಲು ಏನೂ ಇರಲಿಲ್ಲ. ಡಬ್ಬಿಯ ಎರಡೂ ಕಡೆ ಸ್ಟೂಲು ಹಾಕಿ ಕೂತೆವು. ಅದರಿಂದ ಇನ್ನೂ ಸಣ್ಣಗೆ ಉಪ್ಪಿನಕಾಯಿ ವಾಸನೆ ಬರುತ್ತಿತ್ತು. ಹಾಸ್ಟೆಲ್ ದಿನಗಳ ಬಗ್ಗೆ, ಆ ಬಕೆಟ್ಟಿನ ಬಗ್ಗೆ ಮಾತಾಡಿದೆವು. ಹೀಗೆ ಕಾಯುತ್ತಾ ಕೂತು ಎಷ್ಟೋ ವರ್ಷವಾಯಿತು, ಇಲ್ಲಿ ಕಾಯುವುದಕ್ಕೂ ಒಂದು ಯಂತ್ರ ಇದೆ ಎಂದಳು ನಿರ್ಮಲ. ಹೆಮ್ಮೆಗೆ ಹೇಳಿದಳೋ ಬೇಸರಕ್ಕೋ ತಿಳಿಯಲಿಲ್ಲ. ನಾನು ಹೆಮ್ಮೆ ಎಂದೇ ಇಟ್ಟುಕೊಂಡೆ.

ಸಂಜೆ ಎರಡೂ ಟ್ಯೂಬುಗಳ ದ್ರಾವಣವನ್ನು ಬಿಳಿಕಣಗಳಿಗೆ ಹಾಕಿಟ್ಟು ಬಂದೆವು. ಸೋಮವಾರ ಪ್ರೊಫೆಸರಮ್ಮನಿಗೆ ಒಂದು ದಿನ ತಡೆಯಿರಿ ಎಂದು ನಿರ್ಮಲಳೇ ಹೇಳಿದಳು. ಮಂಗಳವಾರ ಫಲಿತಾಂಶದ ತಟ್ಟೆ ಸಿದ್ಧವಾಯಿತು. ಸಣ್ಣಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ ಅದು. ಇಂಟರ್‌ಫೆರಾನ್ ಇದ್ದ ಗುಳಿ ಮೊದಲು ನೀಲಿಯಾಗುತ್ತದೆ, ಆಮೇಲೆ ಆಮ್ಲ ಬಿಟ್ಟರೆ ಹಳದಿ. ಹೆಚ್ಚು ಇದ್ದಷ್ಟೂ ಬಣ್ಣ ಗಾಢ. ಕಿಟಕಿಯ ಟ್ಯೂಬಿನ ಸಾಲು ನಿಂಬೆಹಣ್ಣಿನ ಪಾನಕದ ಹಾಗೆ ತೆಳ್ಳಗೆ ನಿಂತಿತು. ಡಬ್ಬಿಯ ಸಾಲು ಅರಿಶಿನ ಕಲಸಿದಷ್ಟು ಗಾಢವಾಯಿತು.

ಪ್ರೊಫೆಸರಮ್ಮ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಂದು ಸಲ ಬಂದರೆ ಸಾಲದು, ಇನ್ನೂ ಎರಡು ಸಲ ಮಾಡಿ, ಬೇರೆ ಬೇರೆಯವರ ರಕ್ತದಲ್ಲಿ ಮಾಡಿ ಎಂದರು. ಮಾಡಿದೆವು. ಎರಡೂ ಸಲ ಅದೇ ಅರಿಶಿನ. ಕೊಳೆ ಸೇರಿಲ್ಲವೆಂಬ ಪರೀಕ್ಷೆಯೂ ಆಯಿತು. ಆಕೆ ನನ್ನ ಕೈ ಕುಲುಕಿ, ಕೋಲಾರದ ಭಾಗ ಇರುತ್ತದೆ, ಮಾರ್ಬುರ್ಗಿನ ಭಾಗವನ್ನು ಹೊಸದಾಗಿ ಮಾಡಬೇಕು ಎಂದರು. ಲೇಖನದಲ್ಲಿ ಮೊದಲ ಹೆಸರು ಶಾರದಾಳದ್ದಾಗಲಿ ಎಂದು ಕೇಳಿದ್ದು ನಿರ್ಮಲ. ಒಳ್ಳೆಯತನದಲ್ಲೂ ನನ್ನನ್ನು ಮುಂದೆ ಹೋಗಗೊಡಳು ಎಂದು ಆಗಲೂ ಒಂದು ಸಲ ಚುರುಕ್ ಎಂದಿತು. ಗೆದ್ದ ಮೇಲಾದರೂ ಇದು ಇಳಿಯಬಹುದು ಎಂದುಕೊಂಡಿದ್ದೆ.

ಊವೆಗೆ ಮಾತ್ರ ಹೇಳತೀರದ ಸಂಭ್ರಮ. ಡಬ್ಬಿಯ ಮುಚ್ಚಳಕ್ಕೆ ಸಣ್ಣ ತೂತು ಕೊರೆದು, ಉಷ್ಣಮಾಪಕದ ತಂತಿ ತೂರಿಸಿ, ನೀರು ಆರುವ ಗತಿಯನ್ನು ಗೆರೆಯಾಗಿ ಎಳೆಸಿ ಗೋಡೆಗೆ ಅಂಟಿಸಿದ. ಗುಲಾಬಿ ಹೂವಿನ ಪಕ್ಕ ಒಂದು ಚೀಟಿಯನ್ನೂ ಅಂಟಿಸಿದ. ಏನು ಬರೆದಿದ್ದಾನೆ ಎಂದು ನಿರ್ಮಲಳನ್ನು ಕೇಳಿದೆ.

“ಇದರಲ್ಲಿ ತಿನ್ನೋ ಪದಾರ್ಥ ಇಡಬೇಡಿ ಅಂತ,” ಎಂದಳು.

ಡಬ್ಬಿಯನ್ನು ವಾಪಸ್ ಕೇಳುವ ಧೈರ್ಯ ಬರಲಿಲ್ಲ. ಕಪಾಟಿನಲ್ಲಿ ಅದಕ್ಕೆಂದೇ ಒಂದು ಜಾಗ ಮಾಡಿದ್ದರು. ಸ್ಟೇಷನ್ನಿಗೆ ಹೊರಡುವ ಮುಂಚೆ ಹೋಗಿ ನೋಡಿದೆ. ನನಗೆ ಆ ಊರಿನಲ್ಲಿ ಎರಡು ವಾರ ಸಿಕ್ಕಿತು, ಅದಕ್ಕೆ ಕಾಯಂ ಕೆಲಸ ಸಿಕ್ಕಿತು. ಸರಿ, ಇನ್ನು ಡಬ್ಬಿಯ ಮೇಲೂ ಹೊಟ್ಟೆ ಉರಿದುಕೊಳ್ಳುವುದೊಂದು ಬಾಕಿಯಿತ್ತು ಎಂದುಕೊಂಡು ಬಂದೆ.

ಮತ್ತೆ ಮುಳಬಾಗಿಲು

ಬರುವಾಗ ರಸ್ತೆಯ ಆಚೀಚೆ ಮಾವು ಮಿಡಿಗಟ್ಟಿತ್ತು. ಅಕ್ಕ ದೋಸೆ ಹಾಕುತ್ತಿದ್ದಳು. ಸೂಟ್‌ಕೇಸ್ ಒಳಗಿಡುವ ಮೊದಲೇ ಕೇಳಿದಳು.

“ಡಬ್ಬಿ ಎಲ್ಲೇ?”

ಒಲೆಯ ಹತ್ತಿರವೇ ನಿಂತು ಎಲ್ಲ ಹೇಳಿದೆ. ಕೋಶಗಳು ಗೊಣಗಿದ್ದು, ಹಳದಿ ಬಂದದ್ದು, ನನ್ನ ಹೆಸರು ಮೊದಲು ಬರುವುದು, ಪ್ರೊಫೆಸರಮ್ಮ ಕೈ ಕುಲುಕಿದ್ದು. ಚಿಕ್ಕ ಡಬ್ಬಿಯಲ್ಲಿ ಇಷ್ಟು ದಿನ ಊಟ ಇರುತ್ತಿರಲಿಲ್ಲ ಎಂಬುದನ್ನೂ ಹೇಳಿದೆ. ಬದಲಿಗೆಂದು ತಂದಿದ್ದ ಚಾಕಲೇಟು ಡಬ್ಬವನ್ನು ಕೈಗಿಟ್ಟೆ. ಊವೆಯ ಚೀಟಿಯ ವಿಷಯ ಕೇಳಿ ಅಕ್ಕ ನಗುತ್ತಾಳೆ ಎಂದುಕೊಂಡಿದ್ದೆ.

“ಅದನ್ನ ಇಟ್ಟಿರೋ ಕೋಣೆಗೆ ಕಿಟಕಿ ಇದ್ಯಾ?” ಎಂದು ಕೇಳಿದಳು.

“ಇದೆ. ಅದೇ, ಊವೆ ತೆಗೀತಿದ್ದ ಕಿಟಕಿ.”

“ಅದರಿಂದ ಏನ್ ಕಾಣ್ತದೆ?”

ಎರಡು ವಾರ ಆ ಕಿಟಕಿಯ ಪಕ್ಕ ನಿಂತವಳು ನಾನು. ಜ್ಞಾಪಿಸಿಕೊಳ್ಳಬೇಕಾಯಿತು. “ನದಿ ಕಾಣುತ್ತೆ. ಆಚೆ ಗುಡ್ಡ. ಗುಡ್ಡದ ಮೇಲೆ ಕೋಟೆ.”

ಅಕ್ಕ ದೋಸೆಯ ಸುತ್ತ ತುಪ್ಪ ಬಿಟ್ಟು ಮಗುಚಿದಳು. ಅವಳ ಮುಖ ತವೆಯ ಕಡೆಗಿತ್ತು.

“ಆ ಡಬ್ಬಿ ಕಂಡ್ರೆ ನನಗೆ ಹೊಟ್ಟೆ ಉರೀತದೆ ಕಣೇ,” ಎಂದಳು. “ನಮ್ಮನೇಲಿ ಇಡ್ಲಿ ಹಾಕಿಡೋ ಡಬ್ಬಿ. ಅದು ವಿಮಾನ ಹತ್ತಿ ಹೋಗಿ ನದಿ ನೋಡ್ತಾ ಕೂತಿದೆ. ನಿನ್ನ ಮೇಲಂತೂ ನೀನು ಹಾಸ್ಟೆಲ್ಗೆ ಹೋದಾಗಿಂದ ಉರೀತಾನೇ ಇದೆ. ಅದು ಹಳೇದು, ಬಿಡು.”

ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಉಪ್ಪು ಕಡಿಮೆಯಾಗಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು. ಬಟ್ಟೆ ಎಲ್ಲಿ ಒಣಹಾಕುತ್ತಾರೆ, ಬೀದಿ ಯಾರು ಗುಡಿಸುತ್ತಾರೆ, ನದಿ ಯಾವ ಬಣ್ಣ ಎಂದು ಅವಳು ಫೋನಿನಲ್ಲಿ ಕೇಳಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಒಂದಕ್ಕೂ ನಾನು ಉತ್ತರ ಕೊಟ್ಟಿರಲಿಲ್ಲ. ನಾನು ಇಷ್ಟು ವರ್ಷ ನಿರ್ಮಲಳ ಕಡೆಗೇ ಮುಖ ಮಾಡಿಕೊಂಡು ನಿಂತಿದ್ದೆ, ನನ್ನ ಬೆನ್ನ ಹಿಂದೆ ಒಬ್ಬಳು ನಿಂತಿದ್ದು ಕಂಡಿರಲಿಲ್ಲ.

ಅಕ್ಕ ದೊಡ್ಡ ಹಾಟ್‌ಬಾಕ್ಸಿನ ಮುಚ್ಚಳ ತೆಗೆದು ದೋಸೆ ಹಾಕಿ ಮುಚ್ಚಿದಳು. ನಾನು ಸ್ಟೂಲು ಎಳೆದುಕೊಂಡು ಒಲೆಯ ಪಕ್ಕ ಕೂತೆ. ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡದ್ದು, ರೈಲು ಎರಡಾದದ್ದು, ವೆಟ್ಸ್‌ಲಾರಿನ ಅಜ್ಜಿ ಬೆರಳಾಡಿಸಿದ್ದು ಎಂದು ಮೊದಲಿನಿಂದ ಶುರುಮಾಡಿದೆ.

“ನಿಧಾನಕ್ಕೆ ಹೇಳು,” ಎಂದಳು ಅಕ್ಕ, ಮುಂದಿನ ದೋಸೆಗೆ ಹಿಟ್ಟು ಹುಯ್ಯುತ್ತ. “ಆ ಅಜ್ಜಿ ಏನ್ ಉಟ್ಕೊಂಡಿದ್ಲು?”